ಸೋಸಣ್ಣನ ಕಾರಿನ ದೊಡ್ಡ ಡಬ್ಬಿ

"ಇಡೀ ಊರಿಗೆ ನೀರು ಸೋಸಿ ಕುಡಿಸೋನು ನಾನು! ಒಂದು ಪುಟಗೋಸಿ ಕಾರಿನ ಎಣ್ಣೆ ಸೋಸೋಕೆ ನನಗೆ ಯಾರ ಅಪ್ಪಣೆ ಬೇಕು?"

ಬೆಳಗಿನ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೀಗೆ ಘೋಷಿಸಿದವನು ಸೋಸಣ್ಣ. ಅದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯಲ್ಲಿ ಕೆಲಸ ಮಾಡುವವರು ಇಟ್ಟದ್ದು. ನಗರದ ನೀರು ಶುದ್ಧೀಕರಣ ಕೇಂದ್ರದಲ್ಲಿ ಅವನು ಫಿಲ್ಟರ್ ವಿಭಾಗದ ಮೇಲ್ವಿಚಾರಕ. ಆಟದ ಬಯಲಿನಷ್ಟು ಅಗಲದ ತೊಟ್ಟಿಗಳು, ಅವುಗಳ ತಳದಲ್ಲಿ ಆಳುದ್ದ ಮರಳಿನ ಹಾಸು. ಮೇಲಿನಿಂದ ಕೆಸರು ನೀರು ಇಳಿದರೆ ಕೆಳಗಿನಿಂದ ಕನ್ನಡಿಯಂಥ ನೀರು ಹೊರಡುತ್ತಿತ್ತು. ಅದನ್ನು ಗಾಜಿನ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ "ಹ್ಞಾ!" ಅನ್ನುವುದು ಅವನ ಉದ್ಯೋಗ. ಆ ಚಾಳಿ ಮನೆಗೂ ಬಂದಿತ್ತು. ಚಹಾವನ್ನು ಎರಡು ಸಲ ಸೋಸುತ್ತಿದ್ದ. ಹಾಲನ್ನು ಬಟ್ಟೆಯಲ್ಲಿ ಸೋಸುತ್ತಿದ್ದ. ಒಮ್ಮೆ ಹೆಂಡತಿ ಮನೆಯಲ್ಲಿಲ್ಲದಾಗ, ಸಕ್ಕರೆಯಲ್ಲಿ ಕಸವಿದೆಯೆಂದು ಡಬ್ಬಿಗಟ್ಟಲೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಸೋಸಿದ್ದ! ಕಸ ಹೋಯಿತು, ಸುಳ್ಳಲ್ಲ. ಸಕ್ಕರೆ ಮತ್ತೆ ಸಕ್ಕರೆಯಾಗಿ ಬರಲಿಲ್ಲ, ಅಷ್ಟೇ. ಆ ಕತೆ ಹೆಂಡತಿಯ ತವರಿನವರ ಬಾಯಲ್ಲಿ ಈಗಲೂ ಓಡಾಡುತ್ತಿತ್ತು.

ಎದುರಿಗೆ ಕೂತಿದ್ದ ಹೆಂಡತಿ ಕೋರ್ಟಿನಲ್ಲಿ ಸ್ಟೆನೋ. ವಕೀಲರು ಇಡೀ ದಿನ ಆಡುವ ಮಾತನ್ನು ಒಂದಕ್ಷರ ಬಿಡದೆ ಹಿಡಿಯುವವಳು. ಅದಕ್ಕೇ ಇರಬೇಕು, ಮನೆಯಲ್ಲಿ ಅವಳ ಮಾತು ಬಲು ಕಡಿಮೆ. ಆದರೆ ಬಂದ ಮಾತು ಸುಮ್ಮನೆ ಬರುತ್ತಿರಲಿಲ್ಲ.

"ಈಗಿರೋ ಫಿಲ್ಟರ್‌ಗೆ ಏನಾಗಿದೆ?"

"ಏನಾಗಿದೆಯಾ? ಅದನ್ನ ನೋಡಿದೀಯಾ ನೀನು? ನೀರು ಕುಡಿಯೋ ಲೋಟದಷ್ಟಿದೆ! ಅಷ್ಟು ದೊಡ್ಡ ಎಂಜಿನ್ನು, ಅಷ್ಟು ಎಣ್ಣೆ, ಅಷ್ಟು ಮಸಿ. ಎಲ್ಲಾನೂ ಸೋಸೋಕೆ ಒಂದೇ ಒಂದು ಲೋಟ! ಇಡೀ ಆಸ್ಪತ್ರೆಗೆ ಒಬ್ಬಳೇ ನರ್ಸನ್ನ ಇಟ್ಟ ಹಾಗೆ."

"ಕಾರು ಮಾಡಿದವರು ಯೋಚನೆ ಮಾಡದೇ ಹಾಕಿರ್ತಾರಾ?"

"ಅವರಿಗೆ ಉಳಿತಾಯ ಮುಖ್ಯ. ನನಗೆ ಶುದ್ಧತೆ ಮುಖ್ಯ. ಜರಡಿ ದೊಡ್ಡದಾದಷ್ಟೂ ಸೋಸಿದ್ದು ಚೊಕ್ಕ. ಇದು ವಿಜ್ಞಾನ!"

"ಆ ಕಾರಲ್ಲಿ ಅರ್ಧ ನಂದು, ಗೊತ್ತಲ್ಲ?"

"ಗೊತ್ತು. ಫಿಲ್ಟರ್ ಇರೋದು ನನ್ನ ಅರ್ಧದಲ್ಲಿ!"

ಹೆಂಡತಿ ಚಹಾ ಮುಗಿಸಿ ಎದ್ದಳು. ಸೋಸಣ್ಣ ಅದನ್ನು ಒಪ್ಪಿಗೆ ಎಂದು ತಿಳಿದ.

ಬಿಡಿಭಾಗಗಳ ಅಂಗಡಿ ಎಂದರೆ ಒಂದು ಉದ್ದನೆಯ, ಇಕ್ಕಟ್ಟಿನ ಕೋಣೆ. ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು, ಒಳಗೆ ಕಾಲಿಟ್ಟರೆ ರಬ್ಬರು ಗ್ರೀಸುಗಳ ಗಾಢ ವಾಸನೆ. ಅಂಗಡಿಯವನದು ಧಾರಾಳವಾದ ಹೊಟ್ಟೆ. ಅದನ್ನು ಗಲ್ಲಾದ ಅಂಚಿಗೆ ಒರಗಿಸಿಕೊಂಡು ನಿಂತಿದ್ದ. ಕಾರಿನ ಹೆಸರು ಕೇಳಿದ್ದೇ ಒಂದು ಪುಟ್ಟ ಡಬ್ಬಿ ತೆಗೆದು ಮುಂದಿಟ್ಟ.

"ಇದಕ್ಕಿಂತ ದೊಡ್ಡದು ಕೊಡಿ."

"ನಿಮ್ಮ ಕಾರಿಗೆ ಇದೇ ಸರ್."

"ಕಾರಿಗೆ ಅದೇ ಇರಬಹುದು. ನನಗೆ ದೊಡ್ಡದು ಬೇಕು."

ಅಂಗಡಿಯವನು ಇನ್ನೊಂದು ಇಟ್ಟ. ಸೋಸಣ್ಣ ತಲೆಯಾಡಿಸಿದ. ಮತ್ತೊಂದು ಇಟ್ಟ. ಅದೂ ಸಾಲದು. ಕೊನೆಗೆ ಏಣಿ ಹತ್ತಿ, ಮೇಲಿನ ಅಟ್ಟದಿಂದ ಧೂಳು ಹೊಡೆದು ತಂದದ್ದನ್ನು ಕಂಡು ಸೋಸಣ್ಣನ ಮುಖ ಅರಳಿತು. ನೀಲಿ ಬಣ್ಣ, ಬೆಳೆದ ಕೂಸಿನ ತೋಳಿನಷ್ಟು ಉದ್ದ, ಕೈಗೆತ್ತಿಕೊಂಡರೆ ಘನವಾದ ತೂಕ!

"ಇದು ಸಾಮಾನು ಸಾಗಿಸೋ ವ್ಯಾನಿಂದು ಸರ್," ಎಂದ ಅಂಗಡಿಯವನು, ಏದುಸಿರು ಬಿಡುತ್ತ.

ಸೋಸಣ್ಣ ಪುಟ್ಟ ಡಬ್ಬಿಯನ್ನೂ ದೊಡ್ಡ ಡಬ್ಬಿಯನ್ನೂ ಬಾಯಿಗೆ ಬಾಯಿ ಜೋಡಿಸಿ ನೋಡಿದ. "ಬಾಯಿ ಒಂದೇ ಅಳತೆ. ಥ್ರೆಡ್ ಒಂದೇ. ರಬ್ಬರ್ ಬಳೆ ಒಂದೇ. ಹೊಟ್ಟೆ ಮಾತ್ರ ಬೇರೆ."

"ಆ ಹೊಟ್ಟೆನೇ ತೊಂದರೆ ಸರ್. ಕೆಳಗೆ ಇಳಿದುಬಿಡುತ್ತೆ. ರೋಡಿಗೆ ಹತ್ರ ಆಗುತ್ತೆ."

ಸೋಸಣ್ಣ ಅಂಗಡಿಯವನ ಹೊಟ್ಟೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿದ. "ಹೊಟ್ಟೆ ಇರೋರೆಲ್ಲ ಕೆಲಸ ಬಿಟ್ಟು ಕೂತಿದಾರೇನ್ರೀ?"

ಅಂಗಡಿಯವನು ದೊಡ್ಡ ಡಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ.

ರಜೆಯ ದಿನ ಬಂತು. ಕಾರಿನ ಮುಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ ನಿಲ್ಲಿಸಿ, ಕೆಳಗೆ ಬಟ್ಟೆ ಹಾಸಿಕೊಂಡು, ಅಡುಗೆಮನೆಯಿಂದ ಒಂದು ಬೇಸಿನ್ನು ಕದ್ದು ತಂದು, ಸೋಸಣ್ಣ ತೆವಳಿಕೊಂಡು ಒಳಗೆ ಹೋದ. ಹಾಸಿಕೊಂಡ ಬಟ್ಟೆ ಹಳೆಯದೆಂದು ಅವನ ನಂಬಿಕೆ. ಕಣ್ಣಿನ ಆಪರೇಷನ್ನಿಗೆಂದು ಬರಲಿದ್ದ ತನ್ನ ತಾಯಿಗಾಗಿ ಹೆಂಡತಿ ಹೊಸದಾಗಿ ತಂದಿಟ್ಟ ಹೊದಿಕೆ ಅದು ಎನ್ನುವುದು ಅವನಿಗೆ ಗೊತ್ತಾಗುವ ಹೊತ್ತಿಗೆ ಅದರ ಮೇಲೆ ಒಂದು ಇಡೀ ಭೂಪಟ ಮೂಡಿತ್ತು.

ಎಂಜಿನ್ನಿನ ಹಳೆಯ ಎಣ್ಣೆ ತಕರಾರಿಲ್ಲದೆ ಬೇಸಿನ್ನಿಗೆ ಇಳಿಯಿತು. ಆದರೆ ಹಳೆಯ ಫಿಲ್ಟರನ್ನು ತಿರುಗಿಸಿ ಸಡಿಲ ಮಾಡಿದ್ದೇ ತಡ, ಅದರೊಳಗಿನ ಬೆಚ್ಚಗಿನ ಎಣ್ಣೆ ಬೇಸಿನ್ನನ್ನು ಕಡೆಗಣ್ಣಿನಿಂದಲೂ ನೋಡದೆ ಅವನ ಅಂಗೈಗೆ ಇಳಿಯಿತು. ಅಂಗೈಯಿಂದ ಮೊಣಕೈ, ಮೊಣಕೈಯಿಂದ ಸೀದಾ ಕಂಕುಳು! ದಾರಿ ಮೊದಲೇ ಗೊತ್ತಿದ್ದ ಹಾಗೆ!

"ಅಯ್ಯಯ್ಯೋ!"

ಕಿಟಕಿಯಿಂದ ಹೆಂಡತಿಯ ದನಿ ಬಂತು: "ಏನಾಯ್ತು ರೀ?"

"ಏನೂ ಆಗಿಲ್ಲ! ಎಲ್ಲ ಯೋಜನೆ ಪ್ರಕಾರ ನಡೀತಿದೆ!"

ದೊಡ್ಡ ಡಬ್ಬಿ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತುಕೊಂಡಿತು. ಸೋಸಣ್ಣ ಕಾರಿನ ಅಡಿಯಲ್ಲೇ ಮಲಗಿ ತನಗೆ ತಾನೇ ಶಭಾಸ್ ಹೇಳಿಕೊಂಡ. ಆಮೇಲೆ ಎಂಜಿನ್ನಿನ ತಳಕ್ಕೆ ಹಾಕುವ ಪ್ಲಾಸ್ಟಿಕ್ ಮುಚ್ಚಳವನ್ನು ಎತ್ತಿ ಹಿಡಿದ. ಮುಚ್ಚಳ ಮೇಲೆ ಹೋಗಲೊಲ್ಲದು. ನಡುವೆ ಡಬ್ಬಿ ನಿಂತಿತ್ತು, ನಾನೂ ಸರಿಯುವುದಿಲ್ಲ, ನಿನ್ನನ್ನೂ ಬಿಡುವುದಿಲ್ಲ ಎಂಬಂತೆ. ಸೋಸಣ್ಣ ಎದ್ದು ಅಡುಗೆಮನೆಗೆ ಹೋದ.

"ಬ್ರೆಡ್ ಕೊಯ್ಯೋ ಚಾಕು ಯಾಕೆ ಈಗ?" ಎಂದಳು ಹೆಂಡತಿ.

"ಒಂದು ಕಿಟಕಿ ಮಾಡಬೇಕಾಗಿದೆ."

ಮುಚ್ಚಳದಲ್ಲಿ ದುಂಡನೆಯ ಕಿಟಕಿಯಾಯಿತು. ಆ ಕಿಟಕಿಯಿಂದ ನೀಲಿ ಡಬ್ಬಿ, ಪಕ್ಕದ ಮನೆಯ ಜಗಳ ಕೇಳಲು ಇಣುಕುವವರ ತಲೆಯಂತೆ ಹೊರಗೆ ಬಂತು. ಇನ್ನು ಎಣ್ಣೆ. ಒಂದು ಕ್ಯಾನು ಸುರಿದು, ಎಂಜಿನ್ ಚಾಲೂ ಮಾಡಿ, ನಿಲ್ಲಿಸಿ, ಅಳತೆ ಕಡ್ಡಿ ಎತ್ತಿ ನೋಡಿದರೆ ಎಣ್ಣೆ ಕೆಳಗಿನ ಗೀಟಿಗೂ ಮುಟ್ಟಿರಲಿಲ್ಲ. ದೊಡ್ಡ ಹೊಟ್ಟೆ ತನ್ನ ಪಾಲು ಕುಡಿದುಬಿಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಸೋಸಣ್ಣ ಚಪ್ಪಾಳೆ ತಟ್ಟಿ ಇನ್ನೊಂದು ಕ್ಯಾನು ಸುರಿದ!

"ನೋಡು ಬಾ ಇಲ್ಲಿ! ಹೊಟ್ಟೆ ತುಂಬ ಕುಡಿದಿದೆ! ಎಣ್ಣೆ ಜಾಸ್ತಿ ಹಿಡಿದಷ್ಟೂ ಎಂಜಿನ್ನಿಗೆ ತಂಪು!"

ಹೆಂಡತಿ ಬಂದು ಬಗ್ಗಿ ನೋಡಿದಳು. "ಕಾರಿನ ಕೆಳಗೆ ಏನೋ ನೇತಾಡ್ತಿದೆ."

"ನೇತಾಡ್ತಿಲ್ಲ. ನೆಲೆಸಿದೆ!"

"ಮತ್ತೆ ಅಮ್ಮನಿಗೆ ತಂದ ಹೊದಿಕೆ?"

ಸೋಸಣ್ಣ ಮತ್ತೆ ಕಾರಿನ ಅಡಿಗೆ ತೆವಳಿದ.

ಮರುದಿನ ಕೆಲಸಕ್ಕೆ ಹೊರಟಾಗ ಕಾರು ಬೆಣ್ಣೆಯಲ್ಲಿ ಜಾರುವ ಹಾಗೆ ಓಡಿತು. ಅಥವಾ ಸೋಸಣ್ಣನಿಗೆ ಹಾಗನ್ನಿಸಿತು. ಮೊದಲ ತಿರುವಿನಲ್ಲಿ ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು. ಕಾರಿನ ಮುಂದಿನ ಚಕ್ರ ದಾಟಿತು. ಆಮೇಲೆ ಕೆಳಗಿನಿಂದ "ಕರ್ರ್" ಎಂದು ಒಂದು ಸದ್ದು ಎದ್ದು, ಸೋಸಣ್ಣನ ಬೆನ್ನುಹುರಿಯನ್ನು ಹತ್ತಿ ನೆತ್ತಿಗೆ ಹೋಗಿ ನಿಂತಿತು. ಇಳಿದು ಬಗ್ಗಿ ನೋಡಿದ. ಡಬ್ಬಿಯ ತಳದಲ್ಲಿ ನೀಲಿ ಬಣ್ಣ ಒಂದಿಷ್ಟು ಕೆರೆದುಹೋಗಿತ್ತು. ಸೋರಿಕೆಯಿಲ್ಲ.

"ಏನೂ ಆಗಿಲ್ಲ. ಪರಿಚಯ ಮಾಡ್ಕೊಂಡ್ವಿ, ಅಷ್ಟೇ," ಎಂದು ಆ ಉಬ್ಬಿಗೇ ಹೇಳಿ ಹೊರಟ.

ಆದರೆ ಆವತ್ತಿನಿಂದ ಸೋಸಣ್ಣನಿಗೆ ಊರೇ ಬೇರೆಯಾಗಿ ಕಾಣತೊಡಗಿತು. ಜನ ಬೀದಿಗಳನ್ನು ಅಂಗಡಿಗಳಿಂದ ಗುರುತಿಸಿದರೆ ಅವನು ಉಬ್ಬುಗಳಿಂದ ಗುರುತಿಸಿದ. ಬೇಕರಿಯ ಮುಂದಿನದು ಗಿಡ್ಡ ಆದರೆ ಚೂಪು. ಪೊಲೀಸ್ ಠಾಣೆಯ ಮುಂದಿನದು ಎತ್ತರ ಆದರೆ ಸಜ್ಜನ. ಗ್ರಂಥಾಲಯದ ಮುಂದಿನದು ಮಹಾ ಕಪಟಿ, ದೂರಕ್ಕೆ ಕಾಣುವುದೇ ಇಲ್ಲ! ಅವುಗಳನ್ನು ತಪ್ಪಿಸಿಕೊಂಡು ಹೋಗುವ ದಾರಿ ಹುಡುಕಿದ. ಸಿಕ್ಕಿತು. ಊರನ್ನು ಅರ್ಧ ಸುತ್ತಿ, ರೈಲು ಹಳಿಯ ಪಕ್ಕದಿಂದ ಹಾದು, ಹೋದ ದಿಕ್ಕಿನಿಂದಲೇ ವಾಪಸ್ಸು ಬಂದಂತೆ ಬಂದು ಕೆಲಸದ ಜಾಗ ಸೇರುವ ದಾರಿ.

"ಈಗೀಗ ಮನೆಗೆ ಬರೋದು ತಡ ಆಗ್ತಿದೆಯಲ್ಲ?" ಎಂದು ಹೆಂಡತಿ ಕೇಳಿದರೆ, "ಎಂಜಿನ್ ಎಷ್ಟು ಚೆನ್ನಾಗಿದೆ ಅಂದ್ರೆ, ನಿಲ್ಲಿಸೋಕೇ ಮನಸ್ಸಾಗಲ್ಲ!" ಎಂದ.

ಹಳೆಯ ಫಿಲ್ಟರ್ ಹಾಕಿಬಿಟ್ಟರೆ ಮುಗಿಯುತ್ತಿತ್ತು. ಆ ವಿಚಾರ ಅವನ ತಲೆಗೆ ಬಂದಿತ್ತು ಕೂಡ. ಬಂದ ದಾರಿಯಲ್ಲೇ ಕಳಿಸಿದ್ದ. ಸೋಸಣ್ಣ ಹೆಜ್ಜೆ ಹಿಂದಿಡುವ ಪೈಕಿಯಲ್ಲ!

ಅತ್ತೆ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಕೆಲಸ ಮಾಡಿ ನಿವೃತ್ತರಾದವರು. ಎಕ್ಸ್‌ಚೇಂಜ್ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಸುದ್ದಿ ಕಿವಿಗೆ ಬಿದ್ದರೆ ಬಳಗದ ಅಷ್ಟೂ ಮನೆಗೆ ಕನೆಕ್ಷನ್ ಕೊಟ್ಟೇ ಸುಮ್ಮನಾಗುವವರು. ಸಕ್ಕರೆಯ ಕತೆಯನ್ನು ಊರೂರಿಗೆ ತಲುಪಿಸಿದವರೂ ಅವರೇ. ಆಪರೇಷನ್ ಸುಸೂತ್ರವಾಗಿ ಆಯಿತು. ಆಸ್ಪತ್ರೆಯ ವ್ಯಾನೇ ಸಂಜೆ ಮನೆಗೆ ತಂದು ಬಿಟ್ಟಿತು. ಬೆಳಿಗ್ಗೆ ಹೋಗಿ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬರಬೇಕು. "ತಲೆ ಬಗ್ಗಿಸಬೇಡಿ, ಮೆಟ್ಟಿಲು ಹತ್ತಬೇಡಿ, ದಾರಿಯಲ್ಲಿ ಕುಲುಕದ ಹಾಗೆ ಬನ್ನಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಟ್ಯಾಕ್ಸಿ ಕರೆಸ್ಲಾ?" ಎಂದಳು ಹೆಂಡತಿ, ಬೇಕೆಂದೇ.

"ಮನೇಲಿ ಕಾರು ಇಟ್ಕೊಂಡು ಟ್ಯಾಕ್ಸಿನಾ? ನಾನು ಬದುಕಿದೀನಿ ಇನ್ನೂ!"

ಹೀಗೆ ಹೊರಟಿತು ಮೆರವಣಿಗೆ. ಹಿಂದಿನ ಸೀಟಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ. ಮುಂದೆ ಹೆಂಡತಿ, ಮಡಿಲಲ್ಲಿ ಅವಳ ಊಟದ ಡಬ್ಬಿ. ಆಸ್ಪತ್ರೆಯಿಂದ ಹಾಗೇ ಕೋರ್ಟಿಗೆ ಹೋಗುವವಳು. ರೈಲು ಹಳಿಯ ದಾರಿ ಆಸ್ಪತ್ರೆಯ ಕಡೆಗೆ ಹೋಗುತ್ತಿರಲಿಲ್ಲ. ಉಬ್ಬುಗಳನ್ನು ಎದುರಿಸದೆ ಗತಿಯಿರಲಿಲ್ಲ. ಶಾಲೆಯ ಮುಂದೆ ಸೋಸಣ್ಣ ಕಾರು ನಿಲ್ಲಿಸಿದ.

"ನೀನು ಸ್ವಲ್ಪ ಇಳಿ."

"ಯಾಕೆ?"

"ಮುಂದೆ ಹಂಪ್ಸ್ ಇದೆ. ಭಾರ ಕಡಿಮೆ ಆದ್ರೆ ಅತ್ತೆಗೆ ಕುಲುಕಲ್ಲ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಸಾಕ್ಷಿ ಸುಳ್ಳು ಹೇಳುವಾಗ ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡುತ್ತಾರಲ್ಲ, ಆ ನೋಟ. ಅಷ್ಟರಲ್ಲಿ ಹಿಂದಿನಿಂದ ಅತ್ತೆ, "ಇಳಿಯೇ! ಇಳಿದ್ರೆ ಕಾಲು ಸವೆದುಹೋಗುತ್ತಾ? ಪಾಪ, ನನಗೋಸ್ಕರ ಅವರು ಎಷ್ಟೆಲ್ಲ ಯೋಚನೆ ಮಾಡ್ತಿದಾರೆ!" ಎಂದರು.

ಹೆಂಡತಿ ಇಳಿದಳು. ಸೋಸಣ್ಣ ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು, ಒದ್ದೆ ನೆಲದ ಮೇಲೆ ಬೆಕ್ಕು ಪಾದ ಊರುವಂತೆ, ಎತ್ತಿ ಎತ್ತಿ ದಾಟಿಸಿದ. ಕೆಳಗೆ ಸದ್ದಿಲ್ಲ! ಹೆಂಡತಿ ಮತ್ತೆ ಹತ್ತಿದಳು. ಬೇಕರಿಯ ಮುಂದೆ ಮತ್ತೆ ಇಳಿದಳು. ಪೊಲೀಸ್ ಠಾಣೆಯ ಮುಂದೆ ಅವಳಿಗೆ ಹತ್ತಿ ಇಳಿಯುವುದು ಸಾಕಾಗಿ, ಮಂತ್ರಿಗಳ ವಾಹನದ ಪಕ್ಕ ಅಂಗರಕ್ಷಕರು ನಡೆಯುವಂತೆ ಕಾರಿನ ಪಕ್ಕದಲ್ಲೇ ನಡೆಯತೊಡಗಿದಳು. ಹಿಂದೆ ಹಾರನ್ನುಗಳ ಗದ್ದಲ. ತರಕಾರಿ ಗಾಡಿಯೊಂದು ಅವರನ್ನು ಹಿಂದಕ್ಕೆ ಹಾಕಿ ಹೋಯಿತು. ಊರುಗೋಲು ಹಿಡಿದ ಮುದುಕರೊಬ್ಬರು ಪಕ್ಕಕ್ಕೆ ಬಂದು, "ಕೆಟ್ಟು ನಿಂತಿದೆಯೇನಪ್ಪ? ತಳ್ಳಬೇಕಾ?" ಎಂದು ಕೇಳಿದರು.

"ಕೆಟ್ಟಿಲ್ಲ ಸ್ವಾಮಿ! ಓಡ್ತಿದೆ!" ಎಂದು ಗುಡುಗಿದ ಸೋಸಣ್ಣ.

"ಓ ಹೌದಾ," ಎಂದು ಮುದುಕರು ಕಾರನ್ನು ದಾಟಿ ಮುಂದೆ ಹೋದರು.

ಒಳಗೆ ಅತ್ತೆ ಫೋನ್ ತೆಗೆದಿದ್ದರು. "ಹಲೋ, ನಾನೇ ಕಣೇ. ಆಸ್ಪತ್ರೆಗೆ ಹೋಗ್ತಿದೀನಿ. ಅಳಿಯಂದ್ರ ಕಾರಲ್ಲಿ. ಅಬ್ಬಬ್ಬಾ, ಏನು ಜೋಪಾನ ಅಂತೀಯ! ಹೂವಿನ ಮೇಲೆ ಕೂರಿಸ್ಕೊಂಡು ಹೋದ ಹಾಗೆ! ಹೆಂಡ್ತಿನೇ ಇಳಿಸಿ ನಡೆಸ್ತಿದಾರೆ, ನನಗೆ ಕುಲುಕಬಾರದು ಅಂತ. ಹೊಟ್ಟೇಲಿ ಹುಟ್ಟಿದ ಮಗ ಆಗಿದ್ರೂ ಮಾಡ್ತಿರಲಿಲ್ಲ!" ಆ ಕರೆ ಮುಗಿಯಿತು. ಇನ್ನೊಂದು ಶುರುವಾಯಿತು. ತಂಗಿಗೆ, ನಾದಿನಿಗೆ, ಬೀಗರಿಗೆ, ಒಬ್ಬೊಬ್ಬರಿಗೂ ಹೂವು ಇನ್ನಷ್ಟು ಮೆತ್ತಗಾಗುತ್ತ ಹೋಯಿತು.

ಸೋಸಣ್ಣನ ಎದೆ ಉಬ್ಬಿತು. ಆ ಕಡೆಯವರ ಬಾಯಲ್ಲಿ ಒಳ್ಳೆಯ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಸಕ್ಕರೆಯ ಕಳಂಕ ಇವತ್ತು ತೊಳೆದುಹೋಗುತ್ತಿತ್ತು. ಆ ಹೊಗಳಿಕೆ ತನಗೆ ಸಲ್ಲಬೇಕಾದ್ದಲ್ಲ ಎಂದು ಒಳಗೊಂದು ದನಿ ಹೇಳಿತು. "ಅತ್ತೆಗೆ ಕುಲುಕದೇ ಇರೋದಂತೂ ನಿಜ ತಾನೇ?" ಎಂದು ಸೋಸಣ್ಣ ಅದರ ಬಾಯಿ ಮುಚ್ಚಿಸಿದ.

ಕಿಟಕಿಯ ಪಕ್ಕ ನಡೆಯುತ್ತಿದ್ದ ಹೆಂಡತಿ ಬಗ್ಗಿ, ಮೆಲ್ಲಗೆ ಕೇಳಿದಳು. "ನಿಜ ಹೇಳಿ. ಇದೆಲ್ಲ ಅಮ್ಮನ ಕಣ್ಣಿಗಾ, ನಿಮ್ಮ ಡಬ್ಬಿಗಾ?"

"ಮುಂದೆ ನೋಡ್ಕೊಂಡು ನಡಿ. ಗ್ರಂಥಾಲಯ ಬಂತು."

ಅಂತೂ ಆಸ್ಪತ್ರೆ ಬಂತು. ಬಾಗಿಲವರೆಗೆ ವಾಹನ ಹೋಗಲು ಕಡಿದಾದ ಒಂದು ಏರು. ಏರು ಮುಗಿಯುವಲ್ಲಿ ಕಲ್ಲಿನ ಅಂಚು. ಆ ಅಂಚನ್ನು ಕಂಡದ್ದೇ ಸೋಸಣ್ಣ ಕೆಳಗೇ ಬ್ರೇಕ್ ಹಾಕಿದ. ಕಾವಲುಗಾರ ಓಡಿ ಬಂದ.

"ಪೇಷಂಟ್ ಇದಾರಾ ಸರ್? ಮೇಲೆ ಪೋರ್ಟಿಕೋಗೆ ತನ್ನಿ. ಇಲ್ಲಿಂದ ಮೆಟ್ಟಿಲು ಜಾಸ್ತಿ."

ಸೋಸಣ್ಣ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆಯ ದನಿ ಕೇಳಿತು, ಫೋನಿನಲ್ಲಿ: "ಬಂದ್ವಿ ಕಣೇ. ಮೆಟ್ಟಿಲು ಹತ್ತೋಕೆ ಬಿಡ್ತಾರಾ ನಮ್ಮ ಅಳಿಯಂದ್ರು? ಬಾಗಿಲಿಗೇ ತಗೊಂಡು ಹೋಗಿ ಇಳಿಸ್ತಾರೆ, ಬೇಕಾದ್ರೆ ನೋಡು!"

ಒಂದು ಕಡೆ ಫಿಲ್ಟರ್, ಇನ್ನೊಂದು ಕಡೆ ಕೀರ್ತಿ. ಮೆಟ್ಟಿಲುಗಳ ಕಡೆಗೂ ಒಮ್ಮೆ ನೋಡಿದ. ಅವು ನಿಜವಾಗಿಯೂ ಜಾಸ್ತಿ ಇದ್ದವು. ಕನ್ನಡಿಯಲ್ಲಿ ಅತ್ತೆಯ ಪಟ್ಟಿ ಕಟ್ಟಿದ ಮುಖ ಕಾಣುತ್ತಿತ್ತು. ಸೋಸಣ್ಣ ಉಸಿರು ಬಿಗಿಹಿಡಿದು ಗೇರ್ ಹಾಕಿದ. ಕಾರು ಏರಿತು, ಏರಿತು, ಅಂಚಿನ ಮೇಲೆ ಮುಂಚಕ್ರ ಹತ್ತಿ ಆ ಕಡೆ ಇಳಿಯಿತು...

"ಕಟಕ್!"

"ಏನು ಸದ್ದು ಅದು?" ಎಂದರು ಅತ್ತೆ.

"ಆಸ್ಪತ್ರೆ ನೆಲ ಸರಿಯಿಲ್ಲ ಅತ್ತೆ. ಕಳಪೆ ಕೆಲಸ."

ಅತ್ತೆಯನ್ನು ಇಳಿಸಿ, ನಡೆದು ಬಂದ ಹೆಂಡತಿಯ ಕೈಗೆ ಒಪ್ಪಿಸಿ, ಕಾರನ್ನು ಕೆಳಗೆ ತಂದ. ಎದುರಿನ ಫಲಕದಲ್ಲಿ ಎಣ್ಣೆಗಿಂಡಿಯ ಪುಟ್ಟ ಚಿತ್ರ ಕೆಂಪಗೆ ಮಿನುಗಿತು. ಎಲ್ಲಿಯಾದರೂ ಮಣ್ಣಿನ ನೆಲ ಸಿಕ್ಕರೆ ಸೋರಿದ್ದು ಯಾರಿಗೂ ಕಾಣುವುದಿಲ್ಲ ಎಂದು ವಾಹನ ನಿಲ್ಲಿಸುವ ಅಂಗಳವನ್ನು ಒಂದು ಸುತ್ತು ಹಾಕಿದ. ಎಲ್ಲ ಕಡೆ ಬಿಳಿ ಕಲ್ಲಿನ ಚಪ್ಪಡಿ! ಕೆಂಪು ದೀಪ ಪೂರ್ತಿ ಹತ್ತಿಕೊಂಡಾಗ ಎಂಜಿನ್ ಆರಿಸಿ, ಇಳಿದು, ನೆಲಕ್ಕೆ ಒರಗಿ ನೋಡಿದ. ದೊಡ್ಡ ಡಬ್ಬಿಯ ಹೊಟ್ಟೆ ಒಳಗೆ ಹೋಗಿತ್ತು. ನಡುವಿನ ಬಿರುಕಿನಿಂದ ಎಣ್ಣೆ ಸಾವಧಾನವಾಗಿ ತೊಟ್ಟಿಕ್ಕುತ್ತಿತ್ತು.

ಹಿಡಿಯಲು ಏನಾದರೂ ಬೇಕು. ಸುತ್ತಮುತ್ತ ಏನೂ ಇಲ್ಲ. ಮುಂದಿನ ಸೀಟಿನ ಮೇಲೆ ಹೆಂಡತಿ ಮರೆತು ಹೋಗಿದ್ದ ಊಟದ ಡಬ್ಬಿ ಇತ್ತು. ತೆರೆದ. ಅದರ ತುಂಬ ಊಟ. ಚೆಲ್ಲುವುದು ತಪ್ಪು. ಡಬ್ಬಿಯನ್ನು ಖಾಲಿ ಮಾಡಲು ಮರ್ಯಾದಸ್ಥನಿಗೆ ಇನ್ನು ಒಂದೇ ದಾರಿ ಉಳಿದಿತ್ತು. ಸೋಸಣ್ಣ ತಿಂದ! ನಿಂತಲ್ಲೇ, ಗಬಗಬನೆ, ರುಚಿಯನ್ನೂ ನೋಡದೆ ತಿಂದ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಡಬ್ಬಿ ಹಿಡಿದು ಕಾರಿನ ಅಡಿಗೆ ತೆವಳಿದ.

ಅಷ್ಟರಲ್ಲಿ ಎರಡು ಪಾದಗಳು ಬಂದು ನಿಂತವು. ಪಕ್ಕದಲ್ಲಿ ನೆಲ ಒರೆಸುವ ಕೋಲಿನ ತುದಿ.

"ಯಾರದು ಈ ಸೋರೋ ಕಾರು?" ಆಸ್ಪತ್ರೆಯ ನೆಲ ಒರೆಸುವವಳು ಕೇಳಿದಳು. "ಪೋರ್ಟಿಕೋದಿಂದ ಇಲ್ಲಿವರೆಗೂ ಎಣ್ಣೆ ಚೆಲ್ಲಿಕೊಂಡು ಬಂದಿದೆ!"

"ಗೊತ್ತಿಲ್ಲಮ್ಮ," ಎಂದ ಸೋಸಣ್ಣ, ಬಾಯಿ ತುಂಬಿಕೊಂಡು.

"ನೀವು ಅದರ ಅಡಿಯಲ್ಲೇ ಇದೀರಲ್ಲ!"

"ನೆರಳಿಗೆ ಮಲಗಿದೀನಿ!"

ಒಳಗೆ ಪಟ್ಟಿ ಬಿಚ್ಚಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಕೈ ಹಿಡಿದು ಅತ್ತೆ ಬಾಗಿಲಿಗೆ ಬಂದರು. ವರ್ಷಗಳಿಂದ ಮಂಜು ಮಂಜಾಗಿದ್ದ ಲೋಕ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅವರು ಆ ಹಿಗ್ಗಿನಲ್ಲಿ ಕನ್ನಡಕವನ್ನು ಚೂರು ಮೇಲೆತ್ತಿ, ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು.

"ಆ ಮರದ ಎಲೆ ಎಲೆ ಕಾಣಿಸ್ತಿದೆ ಕಣೇ! ಆ ಬೋರ್ಡಿನ ಅಕ್ಷರ ಕಾಣಿಸ್ತಿದೆ! ಇಗೋ, ಇಲ್ಲಿ ನೆಲದ ಮೇಲೆ ಯಾರೋ ಗೆರೆ ಎಳೆದಿದಾರಲ್ಲ, ಜೇನುತುಪ್ಪದ ಹಾಗೆ ಹೊಳೀತಿದೆ. ಇಳಿಜಾರಲ್ಲಿ ಇಳಿದಿದೆ. ಅಂಗಳ ಪೂರ್ತಿ ಒಂದು ಸುತ್ತು ಬಂದಿದೆ. ಆಮೇಲೆ..." ಅತ್ತೆ ನಿಂತರು. "ನಮ್ಮ ಕಾರಿನ ಕೆಳಗೆ ಹೋಗಿದೆ. ಅಲ್ಲಿ ಎರಡು ಕಾಲು ಇವೆ. ಅಳಿಯಂದ್ರ ಚಪ್ಪಲಿ!"

ಹೆಂಡತಿ ಬಂದು ಚಪ್ಪಲಿಯ ಪಕ್ಕದಲ್ಲಿ ನಿಂತಳು. "ಹೊರಗೆ ಬನ್ನಿ."

ಸೋಸಣ್ಣ ಬಂದ. ಒಂದು ಕೈಯಲ್ಲಿ ಎಣ್ಣೆ ತುಂಬಿದ ಊಟದ ಡಬ್ಬಿ, ಗಲ್ಲಕ್ಕೆ ಅಂಟಿದ ಒಂದು ಅಗುಳು. ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ಅವನು ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖದಲ್ಲಿ ನಿಜವಾದ ಆನಂದವಿತ್ತು.

"ನೋಡು! ಇಷ್ಟು ದಿನ ಓಡಿದೆ, ಒಂದು ಚೂರು ಮಸಿ ಇಲ್ಲ! ಅತ್ತೆನೇ ಹೇಳಿದ್ರಲ್ಲ, ಜೇನುತುಪ್ಪದ ಹಾಗಿದೆ ಅಂತ! ಈಗಲಾದ್ರೂ ಒಪ್ಕೋ, ದೊಡ್ಡ ಫಿಲ್ಟರ್ ಕೆಲಸ ಮಾಡಿದೆಯೋ ಇಲ್ವೋ?"

"ಮಾಡಿದೆ," ಎಂದಳು ಹೆಂಡತಿ. "ಎಂಜಿನ್ನಿಂದ ಎಣ್ಣೆನೇ ಸೋಸಿ ತೆಗೆದಿದೆ."

ಒರೆಸುವವಳು ಕೋಲನ್ನು ಅವನ ಕೈಗೆ ಕೊಟ್ಟಳು. "ಅಷ್ಟು ಚೊಕ್ಕ ಇದ್ರೆ ಕೈಗೆ ಹತ್ತಲ್ಲ ಬಿಡಿ. ಒರೆಸಿ."

ಇಡೀ ಊರಿಗೆ ನೀರು ಸೋಸುವವನು ಪೋರ್ಟಿಕೋದಿಂದ ಶುರು ಮಾಡಿದ. ಸಾಲಾಗಿ ಕೂತಿದ್ದ ರೋಗಿಗಳು, ಪಟ್ಟಿ ಕಟ್ಟದ ಕಣ್ಣುಗಳಿಂದ, ಬಲು ಆಸಕ್ತಿಯಿಂದ ನೋಡಿದರು. ನೆರಳಿನ ಬೆಂಚಿನ ಮೇಲೆ ಮಗಳ ಬಾಯಿಂದ ಡಬ್ಬಿಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡ ಅತ್ತೆ, ಉದ್ದಕ್ಕೆ ಒಂದು ಉಸಿರು ಬಿಟ್ಟು, ಫೋನ್ ತೆಗೆದರು.

"ಹಲೋ, ನಾನೇ ಕಣೇ. ಆಗ ಹೇಳಿದ್ನಲ್ಲ ಹೂವಿನ ವಿಚಾರ, ಅದನ್ನ ವಾಪಸ್ ತಗೋತಿದೀನಿ."

ತಂಗಿಯಿಂದ, ನಾದಿನಿಯಿಂದ, ಬೀಗರಿಂದ, ಕೊಟ್ಟ ಹೂವನ್ನೆಲ್ಲ ಅತ್ತೆ ವಾಪಸ್ಸು ಪಡೆಯುವ ಹೊತ್ತಿಗೆ ನೆಲ ಒರೆಸಿ ಆಗಿತ್ತು. ಕಾರನ್ನು ಎಳೆದೊಯ್ಯುವ ಲಾರಿ ಬಂತು. ಇವರಿಗೆ ಟ್ಯಾಕ್ಸಿ ಬಂತು. ಕೋರ್ಟಿನ ಹೊತ್ತು ಮೀರಿದ್ದರಿಂದ ಹೆಂಡತಿಯೂ ಅದನ್ನೇ ಹತ್ತಿದಳು. ಗ್ರಂಥಾಲಯದ ಮುಂದಿನ ಕಪಟಿ ಉಬ್ಬಿನ ಮೇಲೆ ಟ್ಯಾಕ್ಸಿ ಸರಾಗವಾಗಿ ಹತ್ತಿ ಇಳಿಯಿತು. ಯಾರಿಗೂ ಏನೂ ಗೊತ್ತೇ ಆಗಲಿಲ್ಲ.

"ಇಲ್ಲಿ ಯಾರೂ ಇಳೀಬೇಕಾಗಿಲ್ವಾ?" ಎಂದು ಅತ್ತೆ ಡ್ರೈವರನ್ನು ಕೇಳಿದರು.

"ಇಲ್ಲಿ ಯಾಕಮ್ಮ ಇಳೀಬೇಕು?"

"ಸುಮ್ನೆ ಕೇಳ್ದೆ," ಎಂದರು ಅತ್ತೆ. ಹೆಂಡತಿ ಹಸಿದಿದ್ದಳು, ಕಿಟಕಿಯ ಕಡೆಗೆ ಮುಖ ತಿರುಗಿಸಿದ್ದಳು. ಸೋಸಣ್ಣನಿಗೆ ಅವಳ ಭುಜ ಅಲುಗುವುದು ಕಾಣುತ್ತಿತ್ತು. ಅಳುವೆಂದು ಗಾಬರಿಯಾಗಿ ಬಗ್ಗಿ ನೋಡಿದರೆ, ನಗು! ತಡೆದೂ ತಡೆದೂ ಕಣ್ಣಲ್ಲಿ ನೀರು ಬಂದಿತ್ತು. ಅದು ಅವನಿಗೆ ಅಳುವಿಗಿಂತ ಹೆಚ್ಚು ಚುಚ್ಚಿತು.

ಹಾಗೆಂದು ಸೋಸಣ್ಣ ಸೋತನೇ? ಛೆ! ಮರುದಿನ ಕೆಲಸ ಮುಗಿಸಿ ನೆಟ್ಟಗೆ ಬಿಡಿಭಾಗಗಳ ಅಂಗಡಿಗೆ ಹೋದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ತಪ್ಪು ಫಿಲ್ಟರಿನದಲ್ಲ, ಆ ಕಲ್ಲಿನ ಅಂಚಿನದು. ಮತ್ತೆ ಅದೇ ದೊಡ್ಡ ಡಬ್ಬಿ ಹಾಕುವುದು. ಅದರ ಅಡಿಗೆ ಒಂದು ದಪ್ಪ ಕಬ್ಬಿಣದ ತಟ್ಟೆ ಬೆಸೆಯುವುದು. ಆಮೇಲೆ ಯಾವ ಉಬ್ಬು ಏನು ಮಾಡುತ್ತದೋ ನೋಡಿಯೇ ಬಿಡುವುದು!

"ಅದೇ ಕೊಡಿ. ವ್ಯಾನಿಂದು," ಎಂದ, ಎದೆ ಸೆಟೆಸಿ.

"ಇಲ್ಲ ಸರ್, ಖಾಲಿ ಆಯ್ತು."

"ಖಾಲಿನಾ? ಧೂಳು ಹಿಡಿದು ಕೂತಿದ್ದ ಮಾಲು!"

"ಇನ್ನೆರಡು ಇತ್ತು ಸರ್. ನಿಮ್ಮ ಮನೆಯವರು ಬೆಳಿಗ್ಗೆ ಕೋರ್ಟಿಗೆ ಹೋಗ್ತಾ ಬಂದು ಎರಡನ್ನೂ ತಗೊಂಡು ಹೋದ್ರು. ಬಾಗಿಲು ಗಾಳಿಗೆ ಬಡ್ಕೊಳ್ಳುತ್ತಂತೆ, ಅಡ್ಡ ಇಡೋಕೆ ಬೇಕು ಅಂದ್ರು." ಅಂಗಡಿಯವನು ಗಲ್ಲಾದ ಕೆಳಗಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ಮುಂದಿಟ್ಟ. "ನೀವು ಬಂದ್ರೆ ಇದನ್ನ ಕೊಡಿ ಅಂತ ಹೇಳಿ ಹೋಗಿದಾರೆ."

ಪೊಟ್ಟಣ ಬಿಚ್ಚದೆಯೇ ಗೊತ್ತಾಗುತ್ತಿತ್ತು. ನೀರು ಕುಡಿಯುವ ಲೋಟದಷ್ಟೇ ಇತ್ತು. ಸೋಸಣ್ಣ ಅದನ್ನು ಕೈಯಲ್ಲಿ ಹಿಡಿದು ತೂಗಿದ. ಅಟ್ಟದ ಕಡೆ ನೋಡಿದ. ಅಟ್ಟ ನಿಜವಾಗಿಯೂ ಖಾಲಿಯಿತ್ತು. ಕೊನೆಗೆ ಪೊಟ್ಟಣವನ್ನು ಜೇಬಿಗೆ ಇಳಿಸಿ, ಗಂಟಲು ಸರಿಮಾಡಿಕೊಂಡು, ಅಂಗಡಿಯವನ ಕಣ್ಣಲ್ಲಿ ಕಣ್ಣಿಟ್ಟು ಘೋಷಿಸಿದ.

"ಇದು ತಾತ್ಕಾಲಿಕ, ತಿಳೀತಾ?"

"ಹ್ಞೂಂ ಸರ್," ಎಂದ ಅಂಗಡಿಯವನು, ತಡಮಾಡದೆ, ಬಹಳ ಗಂಭೀರವಾಗಿ.

ಆ ಗಾಂಭೀರ್ಯ ಸೋಸಣ್ಣನಿಗೆ ಯಾಕೋ ಸರಿಬೀಳಲಿಲ್ಲ. "ಏನ್ರೀ ಅದು, ಮುಂಚೆನೇ ರೆಡಿ ಮಾಡಿ ಇಟ್ಕೊಂಡ ಹಾಗೆ ಹ್ಞೂಂ ಅಂತೀರಿ?"

"ಅಮ್ಮಾವ್ರು ಹೇಳಿದಾರೆ ಸರ್. 'ತಾತ್ಕಾಲಿಕ ಅಂತಾರೆ. ಎದುರಾಡಬೇಡಿ, ಹ್ಞೂಂ ಅಂದುಬಿಡಿ' ಅಂತ."